ಅಪ್‌ಡೇಟ್: ಅಪ್ಪನ ಕೀಮೋ ಮೂರು ತಿಂಗಳಿಗೇ ನಿಲ್ಲಿಸಿದೆವು
ದಾವಣಗೆರೆಯಲ್ಲಿ ಅಪ್ಪನಿಗೆ ದೊಡ್ಡ ಕರುಳಿನ ಕ್ಯಾನ್ಸರ್‌ನ ಶಸ್ತ್ರಚಿಕಿತ್ಸೆಯಾದ ಮೇಲೆ ಕೀಮೋಥೆರಪಿ ಮೂರು ತಿಂಗಳು ಸಾಕೇ, ಆರು ತಿಂಗಳು ಬೇಕೇ ಎಂದು ಹಿಂದೆ ಕೇಳಿದ್ದೆ. ಪರೀಕ್ಷಿಸಿದ 16 ದುಗ್ಧಗ್ರಂಥಿಗಳ (ಲಿಂಫ್ ನೋಡ್) ಪೈಕಿ ಎರಡರಲ್ಲಿ ಮಾತ್ರ ರೋಗವಿದ್ದು, ಗಡ್ಡೆ ಕರುಳಿನ ಹೊರಪೊರೆಯನ್ನು ಭೇದಿಸಿರಲಿಲ್ಲವಾದ್ದರಿಂದ, ಇಂಥ ಕಡಿಮೆ ಅಪಾಯದ ಮೂರನೇ ಹಂತದಲ್ಲಿ (ಅಂದರೆ ರೋಗ ದುಗ್ಧಗ್ರಂಥಿಗಳಿಗೆ ತಲುಪಿದ ಹಂತ) ಕ್ಯಾಪೆಸಿಟಬೈನ್ ಹಾಗೂ ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಔಷಧಿಗಳ ಜೋಡಿಯನ್ನು ಮೂರು ತಿಂಗಳು ಕೊಟ್ಟರೂ ಫಲಿತಾಂಶ ಆರು ತಿಂಗಳಿನದಕ್ಕೆ ಬಹುತೇಕ ಸಮನಾಗಿರುತ್ತದೆ, ಕೈಕಾಲು ಜೋಮು ಹಿಡಿಯುವ ತೊಂದರೆಯಂತೂ ಬಹಳ ಕಡಿಮೆಯಾಗುತ್ತದೆ ಎಂದು ವೈದ್ಯರು ವಿವರಿಸಿದರು. ಚನ್ನಗಿರಿಯ ತೋಟದಲ್ಲಿ ಇಂದಿಗೂ ತಾವೇ ಅಡಿಕೆ ಸುಲಿಯುವ ಅಪ್ಪನಿಗೆ ಈ ಕೊನೆಯ ಮಾತೇ ನಿರ್ಣಾಯಕವಾಯಿತು. ನಾಲ್ಕನೇ ಸುತ್ತಿನ ಹೊತ್ತಿಗಾಗಲೇ ತಣ್ಣೀರು ಮುಟ್ಟಿದರೆ ಬೆರಳು ಚುರುಗುಟ್ಟುತ್ತಿತ್ತು. ವರ್ಷದ ಕೊಲೊನೊಸ್ಕೋಪಿಯಲ್ಲಿ (ಕ್ಯಾಮೆರಾ ಕೊಳವೆಯಿಂದ ಕರುಳಿನ ಒಳಗೆ ನೋಡುವ ಪರೀಕ್ಷೆ) ಏನೂ ಕಂಡುಬಂದಿಲ್ಲ. ಕ್ಯಾನ್ಸರ್ ಮರುಕಳಿಸುವ ಸುಳಿವಿದೆಯೇ ಎಂದು ನೋಡುವ ಸಿಇಎ ರಕ್ತಪರೀಕ್ಷೆ ಮೂರು ತಿಂಗಳಿಗೊಮ್ಮೆ ನಡೆಯುತ್ತಿದೆ.