ಸಮಸ್ಯೆ ಬಿಡಿಸುವುದನ್ನು ಕಲಿಸಲು ಪ್ರತ್ಯೇಕ ಪೀರಿಯಡ್ ಬೇಕೇ, ಆಯಾ ವಿಷಯದೊಳಗೇ ಕಲಿಸಬೇಕೇ?

ಪ್ರಶ್ನೆ: ಪ್ರೌಢಶಾಲೆಯ ಗಣಿತ ಶಿಕ್ಷಕಿ, ರಾಜಾಜಿನಗರ

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷಗಳಿಂದ ಹತ್ತನೆಯ ತರಗತಿಗೆ ಗಣಿತ ಪಾಠ ಮಾಡುತ್ತಿದ್ದೇನೆ. ಕಳೆದ ತಿಂಗಳು ನಡೆದ ಒಂದು ಸಂಗತಿ ಇನ್ನೂ ಮನಸ್ಸನ್ನು ಕೊರೆಯುತ್ತಿದೆ. ಒಂದು ತೊಟ್ಟಿಯನ್ನು ಒಂದು ನಲ್ಲಿ 2 ಗಂಟೆಯಲ್ಲಿ, ಇನ್ನೊಂದು ನಲ್ಲಿ 3 ಗಂಟೆಯಲ್ಲಿ ತುಂಬಿಸುವುದಾದರೆ, ಎರಡನ್ನೂ ಒಟ್ಟಿಗೆ ತೆರೆದಾಗ ಎಷ್ಟು ಹೊತ್ತು ಬೇಕು ಎಂಬ ಲೆಕ್ಕವನ್ನು ನನ್ನ ವಿದ್ಯಾರ್ಥಿನಿಯೊಬ್ಬಳು ಬೋರ್ಡಿನ ಮೇಲೆ ತಡವರಿಸದೆ ಬಿಡಿಸಿ, 6/5 ಗಂಟೆ, ಅಂದರೆ 1 ಗಂಟೆ 12 ನಿಮಿಷ ಎಂದು ಬರೆದಳು. ಅದೇ ದಿನ ಮಧ್ಯಾಹ್ನ ವಿಜ್ಞಾನದ ಪೀರಿಯಡ್‌ನಲ್ಲಿ 2 ಓಮ್ ಮತ್ತು 3 ಓಮ್ ರೋಧಕಗಳ ಸಮಾಂತರ ಜೋಡಣೆಯ ಲೆಕ್ಕ ಬಂದಿದೆ. ಅವಳು 1/2 + 1/3 = 5/6 ಎಂಬಲ್ಲಿಯವರೆಗೆ ಸರಿಯಾಗಿಯೇ ಬಂದು, ಒಟ್ಟು ರೋಧ 5/6 ಓಮ್ ಎಂದು ಬರೆದು, ಕೆಳಗೆ ಸ್ಕೇಲಿನಿಂದ ಎರಡು ಗೆರೆ ಎಳೆದು ಮುಗಿಸಿದ್ದಳು. ವಿಜ್ಞಾನದ ಸಹೋದ್ಯೋಗಿ ಆ ನೋಟ್‌ಬುಕ್ಕನ್ನು ಸ್ಟಾಫ್ ರೂಮಿನಲ್ಲಿ ನನ್ನ ಮುಂದಿಟ್ಟಾಗ ನನಗೆ ಮಾತೇ ಹೊರಡಲಿಲ್ಲ. ಅಂಕಿಗಳೂ ಅವೇ, ಲೆಕ್ಕವೂ ಅದೇ. ಬೆಳಿಗ್ಗೆ ಗೊತ್ತಿದ್ದದ್ದು ಮಧ್ಯಾಹ್ನ ಅವಳ ನೆರವಿಗೆ ಬರಲಿಲ್ಲ.

ಈಗ ನಮ್ಮ ಶಾಲೆಯಲ್ಲಿ ಪ್ರತಿ ಶನಿವಾರ ಸಮಸ್ಯೆ ಬಿಡಿಸುವ ಕೌಶಲಕ್ಕೆಂದೇ ಒಂದು ಪೀರಿಯಡ್ ಇಡುವ ಆಲೋಚನೆ ನಡೆದಿದೆ. ಒಗಟು, ಬೆಂಕಿಕಡ್ಡಿ ಆಟ, ಸುಡೊಕು, ಜೊತೆಗೆ ಗೋಡೆಗೆ ‘ಅರ್ಥ ಮಾಡಿಕೊ, ಯೋಜನೆ ಹಾಕು, ಬಿಡಿಸು, ಮರಳಿ ನೋಡು’ ಎಂಬ ಚಾರ್ಟ್. ಇದರಿಂದ ಆ ಹುಡುಗಿಗೆ ಪ್ರಯೋಜನವಾದೀತೇ? ಶಾಲೆ, ಪಿಯು ಹಾಗೂ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಬೇರೆ ಬೇರೆ ವಿಷಯ ಕಲಿಸುವವರು ತಮ್ಮ ಅನುಭವದಿಂದ ಹೇಳಬೇಕೆಂದು ಕೋರುತ್ತೇನೆ.

ಉತ್ತರ 1: ಪಿಯು ಭೌತಶಾಸ್ತ್ರ ಉಪನ್ಯಾಸಕ, ಜಯನಗರ

ಮೇಡಂ, ಶನಿವಾರದ ಪೀರಿಯಡ್ ಈ ತೊಂದರೆಯನ್ನು ಬಗೆಹರಿಸಲಾರದು ಎಂಬುದೇ ನನ್ನ ಅಭಿಪ್ರಾಯ. ಆ ಚಾರ್ಟಿನ ನಾಲ್ಕು ಹಂತಗಳು ಗಣಿತಜ್ಞ ಜಾರ್ಜ್ ಪೋಲ್ಯ 1945ರಲ್ಲಿ ಹೇಳಿದವು, ತುಂಬ ಬೆಲೆಯುಳ್ಳವು. ಆದರೆ ‘ಅರ್ಥ ಮಾಡಿಕೊ’ ಎಂದು ಗೋಡೆ ಹೇಳಿದ ಮಾತ್ರಕ್ಕೆ ರೋಧ ಎಂದರೇನೆಂದು ತಿಳಿಯದ ಮಗುವಿಗೆ ಅರ್ಥವಾಗುವುದಿಲ್ಲ. 1981ರಲ್ಲಿ ಮಿಶೆಲೀನ್ ಚಿ ಮತ್ತು ಸಂಗಡಿಗರು ಭೌತಶಾಸ್ತ್ರದ ಲೆಕ್ಕಗಳನ್ನು ಕೊಟ್ಟು, ಒಂದೇ ಬಗೆಯವನ್ನು ಒಟ್ಟಿಗೆ ಜೋಡಿಸಲು ಹೇಳಿದರು. ಹೊಸಬರು ಇಳಿಜಾರಿನ ಲೆಕ್ಕಗಳನ್ನು ಒಂದು ಕಡೆ, ಸ್ಪ್ರಿಂಗಿನವನ್ನು ಇನ್ನೊಂದು ಕಡೆ ಇಟ್ಟರು; ಪಳಗಿದವರು ಶಕ್ತಿ ಸಂರಕ್ಷಣೆಯಿಂದ ಬಿಡಿಸುವವನ್ನು, ನ್ಯೂಟನ್ನನ ಎರಡನೆಯ ನಿಯಮದಿಂದ ಬಿಡಿಸುವವನ್ನು ಬೇರೆ ಮಾಡಿದರು. ನಿಮ್ಮ ವಿದ್ಯಾರ್ಥಿನಿಗೂ ಒಂದು ನಲ್ಲಿಯ ಲೆಕ್ಕ, ಇನ್ನೊಂದು ಕರೆಂಟಿನ ಲೆಕ್ಕ. ಅವೆರಡೂ ಒಂದೇ ಎಂದು ಅವಳಿಗೆ ಯಾರೂ ತೋರಿಸಿಲ್ಲ.

ತೋರಿಸದೆ ತಾನಾಗಿ ಹೊಳೆಯುವುದು ಅಪರೂಪ. ಮೇರಿ ಗಿಕ್ ಮತ್ತು ಕೀತ್ ಹೋಲಿಯೋಕ್ 1980ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸೇನಾಪತಿಯೊಬ್ಬ ತನ್ನ ಸೈನ್ಯವನ್ನು ಸಣ್ಣ ತುಕಡಿಗಳಾಗಿ ಒಡೆದು ಹಲವು ದಾರಿಗಳಿಂದ ಏಕಕಾಲಕ್ಕೆ ಕೋಟೆಯ ಮೇಲೆ ನುಗ್ಗಿಸಿದ ಕಥೆಯನ್ನು ಓದಿದವರಲ್ಲಿ ಹೆಚ್ಚಿನವರು, ಅದರ ಬೆನ್ನಿಗೇ ಕೇಳಿದ ಗಡ್ಡೆಯ ಚಿಕಿತ್ಸೆಯ ಸಮಸ್ಯೆಗೆ, ಅಂದರೆ ಸುತ್ತಲ ಅಂಗಾಂಶಕ್ಕೆ ಹಾನಿಯಾಗದಂತೆ ಹಲವು ಕಡೆಯಿಂದ ದುರ್ಬಲ ಕಿರಣಗಳನ್ನು ಹಾಯಿಸಬೇಕಾದ ಸಮಸ್ಯೆಗೆ, ಆ ಕಥೆಯನ್ನು ಬಳಸಲಿಲ್ಲ. ಕಥೆಯನ್ನು ನೆನಪಿಸಿಕೊಳ್ಳಿ ಎಂದು ಸುಳಿವು ಕೊಟ್ಟ ಮೇಲೆ ಬಹುಪಾಲು ಜನ ಬಿಡಿಸಿದರು. 1983ರಲ್ಲಿ ಅವರೇ ಕಂಡಂತೆ, ಎರಡು ಕಥೆಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿ ನೋಡಿದವರಿಗೆ ಮೂರನೆಯ ಸಮಸ್ಯೆ ಹೆಚ್ಚು ಸುಲಭವಾಯಿತು.

ಆದ್ದರಿಂದ ನೀವೂ ವಿಜ್ಞಾನದ ಶಿಕ್ಷಕರೂ ಸೇರಿ ಆ ಎರಡು ಲೆಕ್ಕಗಳನ್ನು ಒಂದೇ ಬೋರ್ಡಿನ ಮೇಲೆ ಪಕ್ಕಪಕ್ಕ ಬರೆಯಿರಿ. 2 ಗಂಟೆಯ ನಲ್ಲಿ ಒಂದು ಗಂಟೆಯಲ್ಲಿ ಅರ್ಧ ತೊಟ್ಟಿ ತುಂಬಿಸುತ್ತದೆ. 2 ಓಮ್ ರೋಧಕ ಒಂದು ವೋಲ್ಟಿಗೆ ಅರ್ಧ ಆಂಪಿಯರ್ ಹರಿಯಬಿಡುತ್ತದೆ. ಕೂಡುವುದು ಹರಿವನ್ನು, ಗಂಟೆಯನ್ನೂ ಅಲ್ಲ, ಓಮನ್ನೂ ಅಲ್ಲ. 5/6 ಎಂಬುದು ಒಂದು ವೋಲ್ಟಿಗೆ ಹರಿಯುವ ಆಂಪಿಯರ್. ಅದನ್ನು ತಿರುವಿಹಾಕಿದರೆ ಮಾತ್ರ ರೋಧ, 1.2 ಓಮ್. ‘ಒಟ್ಟು ರೋಧ ಚಿಕ್ಕ ರೋಧಕಕ್ಕಿಂತ ಕಡಿಮೆ ಇರಬೇಕು’ ಎಂದು ನಾವು ಹೇಳಿಕೊಡುವ ತಾಳೆ ಇಲ್ಲಿ ಸಾಲದು, ಏಕೆಂದರೆ 5/6 ಕೂಡ 2ಕ್ಕಿಂತ ಕಡಿಮೆಯೇ. ಬದಲಿಗೆ ಹೀಗೆ ಕೇಳಿ: ಎರಡೂ 2 ಓಮ್ ಆಗಿದ್ದರೆ ಎಷ್ಟು? 1. ಎರಡೂ 3 ಆಗಿದ್ದರೆ? 1.5. ಹಾಗಾದರೆ ನಮ್ಮ ಉತ್ತರ ಇವೆರಡರ ನಡುವೆ ಬೀಳಬೇಕು. ಈ ತಾಳೆಯನ್ನು ಒಮ್ಮೆ ತಾನೇ ಮಾಡಿದ ವಿದ್ಯಾರ್ಥಿ ಮುಂದೆ ಗೆರೆ ಎಳೆಯುವ ಮೊದಲು ಒಂದು ಕ್ಷಣ ನಿಲ್ಲುತ್ತಾನೆ. ಪಿಯು ತರಗತಿಯಲ್ಲಿ ನಾನು ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ.

ಉತ್ತರ 2: ಸರ್ಕಾರಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ, ಯಲಹಂಕ

ಸರ್ ಹೇಳಿದ್ದು ಸರಿ. ಆದರೆ ಜನವರಿ ಬಂದರೆ ನಮ್ಮಲ್ಲಿ ಪಾಸಿಂಗ್ ಪ್ಯಾಕೇಜಿನದೇ, ಅಂದರೆ ಪಾಸಾಗಲು ಬೇಕಾದಷ್ಟನ್ನು ಮಾತ್ರ ಆಯ್ದು ಕಲಿಸುವುದರದೇ, ಓಡಾಟ. ಹೋಲಿಕೆಗೆ ವಾರಕ್ಕೆ ಹತ್ತು ನಿಮಿಷ ಸಿಕ್ಕರೆ ಹೆಚ್ಚು. ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ನೇರವಾಗಿ ಹೊಸ ಸಮಸ್ಯೆ ಕೊಟ್ಟರೆ ಪೆನ್ನು ಕೆಳಗಿಡುತ್ತಾರೆ. ಮೊದಲು ಪೂರ್ತಿ ಬಿಡಿಸಿದ ಲೆಕ್ಕ ಕೊಟ್ಟು, ಮುಂದಿನದರಲ್ಲಿ ಕೊನೆಯ ಸಾಲು ಮಾತ್ರ ಬಿಟ್ಟು, ಅದರ ಮುಂದಿನದರಲ್ಲಿ ಕೊನೆಯ ಎರಡು ಸಾಲು ಬಿಟ್ಟು ಕೊಡುತ್ತೇನೆ. ಬಿಟ್ಟ ಸಾಲನ್ನು ತುಂಬುವಾಗಲೇ ‘ಯಾಕೆ ಹೀಗೆ?’ ಎಂದು ಬಾಯಿಬಿಟ್ಟು ಹೇಳಿಸುತ್ತೇನೆ.

ಉತ್ತರ 3: ಸಮಾಜ ವಿಜ್ಞಾನ ಶಿಕ್ಷಕಿ, ಮಲ್ಲೇಶ್ವರ

ಸಮಸ್ಯೆ ಎಂದರೆ ಅಂಕಿಯ ಲೆಕ್ಕ ಎಂದೇ ಎಲ್ಲರೂ ಭಾವಿಸುವುದರಿಂದ ನಮ್ಮ ವಿಷಯದ ಮಾತನ್ನೂ ಸೇರಿಸುತ್ತೇನೆ. ಕೆರೆಗಳ ಊರಾಗಿದ್ದ ಬೆಂಗಳೂರು ನೀರಿಗಾಗಿ ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯವರೆಗೆ ಹೋಗಿದ್ದೇಕೆ ಎಂದು ನಾನು ಒಂಬತ್ತನೆಯ ತರಗತಿಯಲ್ಲಿ ಕೇಳಿದೆ. ‘ಜನಸಂಖ್ಯೆ ಹೆಚ್ಚಾದ್ದರಿಂದ’ ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು. ಆಗ ಬೋರ್ಡಿನ ಮೇಲೆ ಮೂರು ಇಸವಿ ಬರೆದೆ: 1894 ಹೆಸರಘಟ್ಟ ಯೋಜನೆ, 1933 ತಿಪ್ಪಗೊಂಡನಹಳ್ಳಿ, 1974 ಕಾವೇರಿಯ ಮೊದಲ ಹಂತ. ಕೆಂಪೇಗೌಡ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಜಾಗದಲ್ಲಿ ಎಂದು ನಕ್ಷೆಯಲ್ಲಿ ತೋರಿಸಿದೆ. ಕೆರೆ ಹೋದದ್ದಕ್ಕೆ ಪೈಪಿನ ನೀರು ಬಂತೋ, ಪೈಪಿನ ನೀರು ಬಂದದ್ದಕ್ಕೆ ಕೆರೆಯ ಹಂಗು ತಪ್ಪಿ ಅದು ಬರಿಯ ಜಾಗವಾಯಿತೋ ಎಂದು ಕೇಳಿದಾಗ ಮಕ್ಕಳು ನಿಜವಾಗಿ ಯೋಚಿಸತೊಡಗಿದರು. ಬಹುಮಟ್ಟಿಗೆ ಎರಡನೆಯದಕ್ಕೇ ಆಧಾರ ಹೆಚ್ಚು, ಆದರೆ ಒಂದೇ ಕಾರಣಕ್ಕೆ ಗಂಟುಬೀಳಲು ನಾನು ಬಿಡಲಿಲ್ಲ.

ಇಲ್ಲಿ 1 ಮತ್ತು 1.5ರ ನಡುವೆ ಎಂಬಂಥ ತಾಳೆ ಸಿಗುವುದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ, ಇದನ್ನು ಹೇಳುವ ದಾಖಲೆ ಯಾವುದು ಎಂಬುದೇ ನಮ್ಮ ತಾಳೆ. ‘ಮರಳಿ ನೋಡು’ ಎಂಬ ಮಾತು ವಿಷಯದಿಂದ ವಿಷಯಕ್ಕೆ ಹೀಗೆ ಬೇರೆಯಾಗುವುದರಿಂದ, ಎಲ್ಲಕ್ಕೂ ಒಂದೇ ಚಾರ್ಟ್ ತೂಗುಹಾಕುವುದು ನನಗೆ ಒಪ್ಪಿಗೆಯಿಲ್ಲ.

ಉತ್ತರ 4: ಸಿವಿಲ್ ಇಂಜಿನಿಯರಿಂಗ್ ಪ್ರಾಧ್ಯಾಪಕ, ಕೆಂಗೇರಿ

ಮೇಡಂ ಎತ್ತಿದ ಕಾವೇರಿಯನ್ನೇ ನಾನು ಮೊದಲ ವರ್ಷದವರ ಮುಂದಿಡುತ್ತೇನೆ. ಒಂದು ಸಾವಿರ ಲೀಟರ್ ನೀರನ್ನು ಬೆಂಗಳೂರಿಗೆ ಎತ್ತಲು ಎಷ್ಟು ಯೂನಿಟ್ ವಿದ್ಯುತ್ ಬೇಕು? ಇಷ್ಟೇ ಪ್ರಶ್ನೆ. ಒಳ್ಳೆಯ ರ‍್ಯಾಂಕ್ ಪಡೆದು ಬಂದವರೂ ‘ಸರ್, ಎತ್ತರ ಕೊಟ್ಟಿಲ್ಲ’ ಎಂದು ಕೈಕಟ್ಟಿ ಕೂರುತ್ತಾರೆ. ಏನು ಗೊತ್ತಿಲ್ಲ, ಅದನ್ನು ಎಲ್ಲಿ ಹುಡುಕಬೇಕು ಎಂದು ಹೇಳುವುದೂ ಸಮಸ್ಯೆಯ ಭಾಗ ಎಂಬುದನ್ನು ಹನ್ನೆರಡು ವರ್ಷದ ಓದಿನಲ್ಲಿ ಅವರಿಗೆ ಯಾರೂ ಹೇಳಿರುವುದಿಲ್ಲ. ಸುಮಾರು 500 ಮೀಟರ್ ಎಂದು ಹುಡುಕಿ ತಂದ ಮೇಲೆ ಉಳಿದದ್ದು ಒಂಬತ್ತನೆಯ ತರಗತಿಯ ಪಾಠ: ನೀರಿನ 1000 ಕೆಜಿ × ಗುರುತ್ವದ 9.8 × ಎತ್ತರದ 500, ಅಂದರೆ 49 ಲಕ್ಷ ಜೂಲ್. ಒಂದು ಯೂನಿಟ್ 36 ಲಕ್ಷ ಜೂಲ್ ಆದ್ದರಿಂದ ಪಂಪಿನ ನಷ್ಟ ಬಿಟ್ಟು ಸುಮಾರು 1.36 ಯೂನಿಟ್. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೆಯ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಅಷ್ಟನ್ನೂ ಎತ್ತಿದರೆ ದಿನಕ್ಕೆ ಹತ್ತು ಲಕ್ಷ ಯೂನಿಟ್ಟಿಗೂ ಮೇಲೆ ಎಂದು ಬಂದಾಗ ತರಗತಿ ಒಂದು ಕ್ಷಣ ಸ್ತಬ್ಧವಾಗುತ್ತದೆ. ಒಂದೆರಡು ದತ್ತಾಂಶ ಬೇಕೆಂದೇ ಬಿಟ್ಟ ಇಂಥ ಪ್ರಶ್ನೆಗಳನ್ನು ಪ್ರೌಢಶಾಲೆಯಲ್ಲೇ ವರ್ಷಕ್ಕೆ ನಾಲ್ಕು ಸಲ ಕೊಟ್ಟರೂ ಸಾಕು; ನಮ್ಮ ಕೆಲಸ ಅರ್ಧ ಹಗುರಾಗುತ್ತದೆ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಕೃತಜ್ಞತೆಗಳು. ಈ ಬೆಳಿಗ್ಗೆ ನಾನೂ ವಿಜ್ಞಾನದ ಸಹೋದ್ಯೋಗಿಯೂ ಒಂದೇ ಬೋರ್ಡನ್ನು ನಡುವೆ ಗೆರೆ ಎಳೆದು ಹಂಚಿಕೊಂಡು, ಎಡಕ್ಕೆ ನಲ್ಲಿ, ಬಲಕ್ಕೆ ರೋಧಕ ಬರೆದೆವು. ಆ ಹುಡುಗಿ ಸ್ವಲ್ಪ ಹೊತ್ತು ನೋಡಿ, ‘ಮಿಸ್, ಹಾಗಾದರೆ 3 ಓಮ್ ಅಂದರೆ ನಿಧಾನದ ನಲ್ಲಿಯಾ?’ ಎಂದು ಕೇಳಿದಳು. ಶನಿವಾರದ ಪೀರಿಯಡ್ಡನ್ನು ಒಗಟುಗಳಿಗೆ ಬದಲಾಗಿ ಹೀಗೆ ಇಬ್ಬರು ಶಿಕ್ಷಕರು ಒಟ್ಟಿಗೆ ನಿಂತು ಮಾಡುವ ತರಗತಿಯಾಗಿ ಬದಲಿಸಲು ಮುಖ್ಯೋಪಾಧ್ಯಾಯರನ್ನು ಕೇಳಲಿದ್ದೇನೆ. ಮಲ್ಲೇಶ್ವರದ ಮೇಡಂ, ಕೆರೆಗಳ ಪಾಠಕ್ಕೆ ನೀವು ಬಳಸಿದ ನಕ್ಷೆಯನ್ನು ಇಲ್ಲಿ ಹಾಕಲು ಸಾಧ್ಯವೇ? ಮೊದಲ ಶನಿವಾರ ಅದನ್ನೂ ಕಾವೇರಿಯ ಲೆಕ್ಕವನ್ನೂ ಜೊತೆಯಾಗಿ ಇಟ್ಟುಕೊಳ್ಳುವ ಮನಸ್ಸಿದೆ.