ಸಹಪಾಠಿಗಳ ನಡುವೆ ಇದ್ದುಕೊಂಡು ಅವರ ಬಗ್ಗೆಯೇ ಬರೆಯುವುದು ಹೇಗೆ?

ಪ್ರಶ್ನೆ:
ನಾನು ಹತ್ತನೆಯ ತರಗತಿಯ ವಿದ್ಯಾರ್ಥಿನಿ, ಸಣ್ಣಕಥೆಗಳನ್ನು ಬರೆಯುತ್ತೇನೆ. ಕಳೆದ ತಿಂಗಳು ಬಿಡುವಿನ ವೇಳೆಯಲ್ಲಿ ಯಾರೋ ನನ್ನ ನೋಟ್‌ಬುಕ್ಕನ್ನು ಕೇಳದೆ ತೆಗೆದು, ಒಂದು ಕಥೆಯನ್ನು ಎಲ್ಲರಿಗೂ ಕೇಳುವಂತೆ ಓದಿದರು. ಉತ್ತರ ಗೊತ್ತಿದ್ದರೂ ಕೈಯೆತ್ತದೆ, ಪೆನ್ನಿನ ಮುಚ್ಚಳವನ್ನು ಕಚ್ಚುತ್ತಾ ಕೂರುವ ಹುಡುಗಿಯೊಬ್ಬಳು ಅದರಲ್ಲಿದ್ದಾಳೆ. ಹೆಸರು ಬೇರೆಯಾಗಿದ್ದರೂ ಅವಳು ಯಾರೆಂಬುದು ಇಡೀ ತರಗತಿಗೆ ತಿಳಿದುಹೋಯಿತು. ಈಗ ನಾನು ಹತ್ತಿರ ಹೋದರೆ ಸಾಕು, "ಇವಳ ಮುಂದೆ ಏನೂ ಹೇಳಬೇಡಿ, ಬರೆದುಬಿಡುತ್ತಾಳೆ" ಎನ್ನುತ್ತಾರೆ. ನನಗೆ ಚೆನ್ನಾಗಿ ಗೊತ್ತಿರುವುದು ಈ ತರಗತಿಯೊಂದೇ. ಇದನ್ನು ಬಿಟ್ಟು ಏನನ್ನು ಬರೆಯಲಿ?

ಉತ್ತರ 1:
ಬಿಡಬೇಕಾಗಿಲ್ಲ. ಅಮೆರಿಕದ ಎಸ್. ಇ. ಹಿಂಟನ್ ಅವರ ಮೊದಲ ಕಾದಂಬರಿ 1967ರಲ್ಲಿ ಪ್ರಕಟವಾಯಿತು. ಅದನ್ನು ಅವರು ಬರೆದದ್ದು ಹೈಸ್ಕೂಲಿನಲ್ಲಿ ಓದುತ್ತಿದ್ದಾಗಲೇ, ಅದಕ್ಕೆ ಪ್ರೇರಣೆಯಾದದ್ದು ತಮ್ಮ ಶಾಲೆಯ ಗುಂಪುಗಳ ನಡುವಿನ ಹಗೆತನವೇ. ಆದರೆ ಓದುಗರು ಗುರುತು ಹಿಡಿಯುವುದು ಹೆಸರಿನಿಂದಲ್ಲ, ಚಾಳಿಯಿಂದ. ನಿಮ್ಮ ಕಥೆಯಲ್ಲಿ ಆ ಹುಡುಗಿಯನ್ನು ತೋರಿಸಿಕೊಟ್ಟದ್ದು ಪೆನ್ನಿನ ಮುಚ್ಚಳ. ಕಥೆಗೆ ನಿಜವಾಗಿ ಬೇಕಾಗಿರುವುದಾದರೋ ಗೊತ್ತಿದ್ದೂ ಸುಮ್ಮನಿರುವ ಆ ಮೌನ. ಮುಚ್ಚಳವನ್ನು ತೆಗೆದುಹಾಕಿ, ಮೌನವನ್ನು ಕಚೇರಿಯ ಸಭೆಯಲ್ಲಿ ಕುಳಿತ ನಡುವಯಸ್ಸಿನ ಗುಮಾಸ್ತನೊಬ್ಬನಿಗೆ ಕೊಟ್ಟು ನೋಡಿ. ಅವನೇಕೆ ಬಾಯಿ ಬಿಡುವುದಿಲ್ಲ ಎಂಬುದನ್ನು ಆಗ ನೀವೇ ಕಲ್ಪಿಸಿಕೊಳ್ಳಬೇಕಾಗುತ್ತದೆ, ಮತ್ತು ನನ್ನ ಅನುಭವದಲ್ಲಿ ಕಥೆ ಹುಟ್ಟುವುದು ಅಲ್ಲಿಂದಲೇ.

ಉತ್ತರ 2:
ಮೇಲಿನ ಸಲಹೆ ಮುಂದಿನ ಕಥೆಗೆ ಸರಿ, ಆದರೆ ಈಗಾಗಲೇ ನೊಂದಿರುವ ಹುಡುಗಿಗೆ ಅದರಿಂದ ಏನೂ ಆಗುವುದಿಲ್ಲ. ನಿಮ್ಮ ನೋಟ್‌ಬುಕ್ಕನ್ನು ಕೇಳದೆ ಓದಿದ್ದು ಖಂಡಿತ ತಪ್ಪು. ಅದರ ಪೆಟ್ಟು ನಿಮ್ಮಿಬ್ಬರಿಗೂ ಬಿದ್ದಿದೆ. ಅವಳೊಂದಿಗೆ ಒಬ್ಬಳೇ ಇರುವಾಗ ಮಾತನಾಡಿ, ಕಥೆಯನ್ನು ಪೂರ್ತಿ ಓದಲು ಕೊಡಿ. ಅವಳು ಕೇಳಿರುವುದು ನಗುವಿನ ನಡುವೆ ಒದರಿದ ಸಾಲುಗಳನ್ನು ಮಾತ್ರ. ಅವಳು ಬೇಡವೆಂದರೆ ಆ ಕಥೆಯನ್ನು ಎಲ್ಲಿಗೂ ಕಳುಹಿಸಬೇಡಿ. ನಾಜಿಗಳಿಂದ ತಪ್ಪಿಸಿಕೊಳ್ಳಲು ಕುಟುಂಬದೊಂದಿಗೆ ಅಡಗಿದ್ದ ಯಹೂದಿ ಹುಡುಗಿ ಆನ್ ಫ್ರಾಂಕ್ 1944ರಲ್ಲಿ ತನ್ನ ದಿನಚರಿಯನ್ನು ಪ್ರಕಟಣೆಗೆಂದು ತಿದ್ದಿ ಬರೆಯತೊಡಗಿದಾಗ, ಜೊತೆಯಲ್ಲಿ ಅಡಗಿದ್ದವರಿಗೆ ಬದಲಿ ಹೆಸರುಗಳ ಪಟ್ಟಿಯನ್ನೇ ಮಾಡಿದ್ದಳು. ಆಗ ಅವಳಿಗೂ ಹೆಚ್ಚುಕಡಿಮೆ ನಿಮ್ಮದೇ ವಯಸ್ಸು.

ಉತ್ತರ 3:
ನಾನೂ ಶಾಲೆಯಲ್ಲಿ ಓದುತ್ತಾ ಬರೆಯುವವನು. ಕರಡನ್ನು ಶಾಲೆಗೆ ಒಯ್ಯುವುದಿಲ್ಲ, ತಿದ್ದಿ ಮುಗಿದ ಮೇಲೆ ನಂಬಿಕಸ್ಥ ಗೆಳೆಯನೊಬ್ಬನಿಗೆ ಮಾತ್ರ ತೋರಿಸಿ, "ಇದರಲ್ಲಿ ಯಾರಾದರೂ ಗುರುತು ಸಿಗುತ್ತಾರೆಯೇ?" ಎಂದು ಕೇಳುತ್ತೇನೆ. ಅವನು ಹೆಸರು ಹೇಳಿದರೆ ಮತ್ತೆ ತಿದ್ದುತ್ತೇನೆ.