ಮರು: ‘ಪಾರ್ಟಿಸಿಪೇಷನ್’ಗೆ ಕನ್ನಡ ಪದ ಬೇಕು – ಶುಕ್ರವಾರ ಅಚ್ಚಿಗೆ ಹೋಗುತ್ತದೆ

ಎಲ್ಲರಿಗೂ ನಮಸ್ಕಾರ.

ಸೋಮವಾರದಿಂದ ಬಂದ ಉತ್ತರಗಳನ್ನೆಲ್ಲ ಓದಿದೆ. ಕೆಲಸ ಏನು ಅಂತ ನಾನೇ ಸರಿಯಾಗಿ ಹೇಳಿರಲಿಲ್ಲ ಅನ್ನಿಸಿತು. ಇನ್ನೊಮ್ಮೆ ಹೇಳುತ್ತೇನೆ.

ಅಂಗವೈಕಲ್ಯ ಇರುವ ಮಕ್ಕಳು, ಇಲ್ಲದ ಮಕ್ಕಳು ದಿನನಿತ್ಯ ಯಾವುದರಲ್ಲಿ ಎಷ್ಟು ಬೆರೆಯುತ್ತಾರೆ ಅಂತ ಒಂದೇ ಅಳತೆಯಲ್ಲಿ ನೋಡುವ ಪ್ರಶ್ನೆಪಟ್ಟಿ ಮಾಡುತ್ತಿದ್ದೇವೆ. ಹೀಗೆ ಬೆರೆಯುವುದಕ್ಕೇ ಇಂಗ್ಲಿಷಿನಲ್ಲಿ ಪಾರ್ಟಿಸಿಪೇಷನ್ ಅನ್ನುತ್ತಾರೆ; ಅದಕ್ಕೆ ಕನ್ನಡ ಪದ ಕೇಳಿದ್ದೆ. ಪೆಮ್-ಸಿವೈ ಅನ್ನುವ ಪಟ್ಟಿ ನಮಗೆ ಮಾದರಿ. ಅದು 5ರಿಂದ 17 ವರ್ಷದ ಮಕ್ಕಳಿಗೆ; ಉತ್ತರ ಕೊಡುವವರು ಅಪ್ಪ ಅಮ್ಮ. ಮನೆ, ಶಾಲೆ, ಊರು ಸೇರಿ 25 ಬಗೆಯ ಚಟುವಟಿಕೆ. ಒಂದೊಂದಕ್ಕೂ ಮೂರು ಪ್ರಶ್ನೆ: ಕಳೆದ ನಾಲ್ಕು ತಿಂಗಳಲ್ಲಿ ಎಷ್ಟು ಸಲ, ಅಲ್ಲಿದ್ದಾಗ ಎಷ್ಟು ಮನಸ್ಸಿಟ್ಟು, ಇದು ಬದಲಾಗಬೇಕು ಅಂತ ನಿಮಗೆ ಅನಿಸುತ್ತದಾ. ಮಗುವಿಗೆ ನಡೆಯಲು ಬರುತ್ತದಾ, ಗುಂಡಿ ಹಾಕಿಕೊಳ್ಳಲು ಬರುತ್ತದಾ ಅಂತ ಇಲ್ಲಿ ಕೇಳುವುದಿಲ್ಲ. ಅದು ಬೇರೆ ಪರೀಕ್ಷೆ.

> ‘ಭಾಗವಹಿಸು’ ಎಲ್ಲರಿಗೂ ಗೊತ್ತು. ಹೊಸದು ಯಾಕೆ?

ಗೊತ್ತು, ಆದರೆ ಬೇರೆ ಅರ್ಥದಲ್ಲಿ ಗೊತ್ತು. ಹೋದ ತಿಂಗಳು ತುಮಕೂರಿನ ಕಡೆ ಒಂದು ಹಳ್ಳಿಗೆ ಕರಡು ತೆಗೆದುಕೊಂಡು ಹೋಗಿದ್ದೆವು. ಒಬ್ಬ ತಾಯಿ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ‘ಊರಿನ ಚಟುವಟಿಕೆಗಳಲ್ಲಿ ನಿಮ್ಮ ಮಗು ಎಷ್ಟು ಸಲ ಭಾಗವಹಿಸುತ್ತದೆ?’ ಅಂತ ಓದಿದೆ. ‘ಒಂದ್ಸಲಾನೂ ಇಲ್ಲ ಮೇಡಂ. ಅವ್ನು ಸ್ಟೇಜ್ ಹತ್ತಲ್ಲ’ ಅಂದರು. ಹುಡುಗನಿಗೆ 9 ವರ್ಷ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಮೈಕೈ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ). ಸೊನ್ನೆ ಬರೆದುಕೊಂಡೆ.

ತಲೆ ಎತ್ತಿ ನೋಡಿದರೆ ಅವನು ಅಮ್ಮನ ಪಕ್ಕದಲ್ಲೇ ಕೂತು ಕಾಳನ್ನು ಒಂದೊಂದಾಗಿ ಪಾತ್ರೆಗೆ ಹಾಕುತ್ತಿದ್ದಾನೆ. ಮಾತಾಡುತ್ತಾ ಹೋದ ಹಾಗೆ ಗೊತ್ತಾಯಿತು: ಪ್ರತಿ ವಾರ ಅಪ್ಪನ ಜೊತೆ ಬೈಕಿನಲ್ಲಿ ಸಂತೆಗೆ ಹೋಗುತ್ತಾನೆ. ವಾಪಸ್ ಬರುವಾಗ ಸೊಪ್ಪಿನ ಚೀಲ ಅವನ ತೊಡೆ ಮೇಲೇ ಇರಬೇಕು, ಬೇರೆಯವರಿಗೆ ಕೊಡುವುದಿಲ್ಲ. ದೇವಸ್ಥಾನಕ್ಕೆ ಹೋದರೆ ಗಂಟೆ ಹೊಡೆಯದೆ ಬರುವುದಿಲ್ಲ, ಯಾರಾದರೂ ಎತ್ತಿಕೊಳ್ಳಬೇಕು. ಇದೆಲ್ಲ ಆ ತಾಯಿಗೆ ‘ಭಾಗವಹಿಸುವುದು’ ಅಲ್ಲ. ಆ ಮಾತು ಕೇಳಿದ ಕೂಡಲೇ ಅವರಿಗೆ ಕಂಡಿದ್ದು ಪ್ರತಿಭಾ ಕಾರಂಜಿ.

ಅದೇ ಬೀದಿಯ ಇನ್ನೊಂದು ಮನೆಯಲ್ಲಿ, ಅಂಗವೈಕಲ್ಯ ಇಲ್ಲದ ಹುಡುಗಿಯ ತಾಯಿ, ‘ಹೂಂ, ಛದ್ಮವೇಷಕ್ಕೆ ಸೇರಿದ್ಲು’ ಅಂದರು. ಅಲ್ಲಿ ಅಂಕ ಬಿತ್ತು. ಇಲ್ಲಿ ಸೊನ್ನೆ. ಇಬ್ಬರು ಮಕ್ಕಳ ನಡುವೆ ಅಷ್ಟು ಅಂತರ ತಂದಿದ್ದು ನಮ್ಮ ಪದ, ಅವರ ಬದುಕಲ್ಲ. ಅದಕ್ಕೇ ಇಷ್ಟು ಹಟ ಹಿಡಿದು ಕೇಳುತ್ತಿದ್ದೇನೆ.

> ಪಾಲ್ಗೊಳ್ಮೆ. ತಾಳ್ಮೆ, ಒಲುಮೆ ಇದ್ದ ಹಾಗೆ. ಸಂಸ್ಕೃತದ ಹಂಗು ಬೇಡ.

ಮೇಷ್ಟ್ರೇ, ಹಳಗನ್ನಡದಲ್ಲಿ ಎರಡು ‘ಪಾಲ್’ ಇತ್ತು, ಕುಡಿಯುವುದು ಹಾಲಾಯಿತು, ಹಂಚಿಕೊಳ್ಳುವುದು ಪಾಲಾಗೇ ಉಳಿಯಿತು ಅಂತ ನೀವು ಬರೆದಿದ್ದು ಚೆನ್ನಾಗಿದೆ. ಆದರೆ ಹಳ್ಳಿಯಲ್ಲಿ ‘ಪಾಲು’ ಅಂದರೆ ಜಮೀನಿನ ಪಾಲು. ಬೇರು ಯಾವ ಭಾಷೆಯದು ಅನ್ನುವುದು ನನ್ನ ತೊಂದರೆಯೇ ಅಲ್ಲ. ತೊಂದರೆ ಇರುವುದು ನಾಮಪದದಲ್ಲಿ. ಪಾಲ್ಗೊಳ್ಳುವಿಕೆ ಆಗಲಿ ಪಾಲ್ಗೊಳ್ಮೆ ಆಗಲಿ ಯಾವ ಅಮ್ಮನೂ ಬಾಯಲ್ಲಿ ಆಡುವುದಿಲ್ಲ.

‘ಸಹಭಾಗಿತ್ವ’ ಬೇಡ. ಅದು ಸರ್ಕಾರಿ-ಖಾಸಗಿ ಒಪ್ಪಂದದ ಮಾತು.

> ‘ಹಾಜರಿ’ ಅರಬ್ಬಿಯಿಂದ ಬಂದಿದ್ದು. ತೆಗೆಯಿರಿ.

ಎಷ್ಟು ಸಲ ಅನ್ನುವ ಮೊದಲ ಪ್ರಶ್ನೆಗೆ ನಾನು ಇಟ್ಟಿರುವ ಮಾತು ಅದು. ತೆಗೆಯುವುದಿಲ್ಲ. ಒಂದನೇ ಕ್ಲಾಸಿನ ಮಗುವಿಗೂ ಅರ್ಥವಾಗುವ ಮಾತನ್ನು ಬಿಟ್ಟು ‘ಉಪಸ್ಥಿತಿ’ ಅಂತ ಹಾಕಿದರೆ ಯಾರಿಗೆ ಉಪಕಾರ? ಅದನ್ನು ಅಚ್ಚಗನ್ನಡ ಅಂತೀರಾ? ಎರವಲು ಬೇಡ ಅನ್ನುವವರು ಒಂದು ಎರವಲನ್ನು ತೆಗೆದು ಇನ್ನೊಂದನ್ನು ತಂದು ಕೂರಿಸುವುದು ನನಗೆ ಒಪ್ಪಿಗೆಯಿಲ್ಲ.

ಎಷ್ಟು ಮನಸ್ಸಿಟ್ಟು ಅನ್ನುವ ಎರಡನೇ ಪ್ರಶ್ನೆಯೇ ನಿಜವಾಗಿ ಕಷ್ಟ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಐಸಿಎಫ್ ಅನ್ನುವ, ಆರೋಗ್ಯ ಮತ್ತು ಅಂಗವೈಕಲ್ಯವನ್ನು ವಿವರಿಸುವ ವರ್ಗೀಕರಣ ತಂದಾಗ, ಬದುಕಿನ ಒಂದು ಸನ್ನಿವೇಶದಲ್ಲಿ ತೊಡಗಿರುವುದು ಅಂತಲೇ ಪಾರ್ಟಿಸಿಪೇಷನ್‌ಗೆ ಅರ್ಥ ಕೊಟ್ಟಿತು. ಆಮೇಲೆ ಈ ಕ್ಷೇತ್ರದವರು ಅದನ್ನು ಎರಡಾಗಿ ಬಿಡಿಸಿದರು: ಅಲ್ಲಿ ಇರುವುದು ಒಂದು, ಅದರಲ್ಲಿ ಮನಸ್ಸಿರುವುದು ಇನ್ನೊಂದು. ನಮ್ಮಲ್ಲಿ ಈ ವ್ಯತ್ಯಾಸಕ್ಕೆ ಹೆಸರು ಮೊದಲಿಂದಲೂ ಇದೆ. ಆಟಕ್ಕುಂಟು ಲೆಕ್ಕಕ್ಕಿಲ್ಲ. ಕಣ್ಣಾಮುಚ್ಚಾಲೆಯಲ್ಲಿ ಪುಟ್ಟ ತಮ್ಮನನ್ನೋ ಬೇಗ ಓಡಲಾರದ ಹುಡುಗಿಯನ್ನೋ ಜೊತೆಗೆ ಸೇರಿಸಿಕೊಂಡು, ಯಾರೂ ಹುಡುಕದೆ ಬಿಡುತ್ತೇವಲ್ಲ, ಅದು. ಹಾಜರಿ ಪೂರ್ತಿ ಸಿಗುತ್ತದೆ. ಮಗು ಮಾತ್ರ ಮೂಲೆಯಲ್ಲಿ ಕಾಯುತ್ತಾ ಕೂತಿರುತ್ತದೆ. ಎಷ್ಟು ಸಲ ಅಂತ ಮಾತ್ರ ಎಣಿಸಿದರೆ ಇದು ಕಾಣುವುದೇ ಇಲ್ಲ.

ಇದಕ್ಕೆ ‘ತೊಡಗು’ ಅಂದವರು ಇಬ್ಬರು. ‘ಅಳತೊಡಗಿದ’ ಅನ್ನುವಲ್ಲಿ ಅದು ಶುರುಮಾಡು ಅಂತಾಗುತ್ತದೆ ಅನ್ನುವ ಆಕ್ಷೇಪ ಸರಿ. ‘ತೊಡಗಿಕೊಳ್ಳು’ ಅಂದರೆ ಆ ಗೊಂದಲ ಇಲ್ಲ. ಆದರೂ ಅದು ಬರಹದ ಮಾತು.

ಧಾರವಾಡದಿಂದ ಒಬ್ಬರು ‘ಕೂಡಿ ಆಡತಾನೇನು?’ ಅಂತ ಬರೆದರು, ಒಂದೇ ಸಾಲು. ನನಗೆ ದಾರಿ ಕಂಡಿದ್ದು ಅಲ್ಲಿ. ಹಳೆಮೈಸೂರಿನ ಕಡೆ ‘ಸೇರ್ತಾನಾ?’ ಅನ್ನಬಹುದು. ಅದನ್ನೇ ಎರಡು ಮನೆಯಲ್ಲಿ ಕೇಳಿದೆ. ಒಬ್ಬ ಅಜ್ಜಿ ನನ್ನನ್ನೇ ತಿದ್ದಿದರು: ‘ಅವ್ನು ಸೇರ್ತಾನೆ ಕಣವ್ವ. ಅವ್ರು ಸೇರಿಸ್ಕೊಳಲ್ಲ.’ ಸೇರುವುದು ಬೇರೆ, ಸೇರಿಸಿಕೊಳ್ಳುವುದು ಬೇರೆ. ಎರಡನೆಯದು ಮಗುವಿನ ಬಗ್ಗೆ ಅಲ್ಲ, ಸುತ್ತಲಿನವರ ಬಗ್ಗೆ. ಪೆಮ್-ಸಿವೈನಲ್ಲೂ ಪರಿಸರದ ಪ್ರಶ್ನೆಗಳು ಬೇರೆಯಾಗೇ ಇವೆ: ಯಾವುದು ನೆರವಾಗುತ್ತದೆ, ಯಾವುದು ಅಡ್ಡಿ. ಆ ಪ್ರಶ್ನೆಗಳಿಗೆ ‘ಸೇರಿಸಿಕೊಳ್ಳು’ ಹಾಕುತ್ತೇನೆ. ಇದು ತೀರ್ಮಾನ.

ಮಕ್ಕಳನ್ನು ಏನೆಂದು ಕರೆಯಬೇಕು ಅನ್ನುವುದರ ಬಗ್ಗೆ ಒಂದೇ ಮಾತು. ಇಲಾಖೆಯ ಹೆಸರಿನಲ್ಲಿ ‘ವಿಕಲಚೇತನ’ ಇದೆ, ಗೊತ್ತು. ಆದರೆ ಕಾಲು ಸ್ವಾಧೀನವಿಲ್ಲದ ಹುಡುಗನ ಚೇತನಕ್ಕೆ ಏನಾಗಿದೆ? ‘ದಿವ್ಯಾಂಗ’ವೂ ಬೇಡ. ‘ಸಾಮಾನ್ಯ ಮಕ್ಕಳು’ ಅಂತ ಇನ್ನೊಂದು ಗುಂಪಿಗೆ ಖಂಡಿತ ಬರೆಯುವುದಿಲ್ಲ. ಇರುವ, ಇಲ್ಲದ. ಅಷ್ಟೇ.

ಈಗ ಬೇಕಾಗಿರುವುದು ಇಷ್ಟು. ಎರಡನೇ ಪ್ರಶ್ನೆಯ ಉತ್ತರಕ್ಕೆ ಐದು ಮೆಟ್ಟಿಲು ಇದೆ. ಕೆಳಗಿನದು ‘ಸುಮ್ನೆ ಇರ್ತಾನೆ’, ಮೇಲಿನದು ‘ಮೈಮರೆತು ಇರ್ತಾನೆ’ ಅಂತ ಇಟ್ಟಿದ್ದೇನೆ. ನಡುವಿನ ಮೂರಕ್ಕೆ ಮನೆಯಲ್ಲಿ ಆಡುವ ಮಾತು ಬೇಕು. ‘ಮೈಮರೆತು’ ಅಂದರೆ ನಿಮ್ಮ ಕಡೆ ಎಚ್ಚರ ತಪ್ಪಿ ಅನ್ನುವ ಅರ್ಥ ಬರುತ್ತದಾ? ಬರುವುದಾದರೆ ಗುರುವಾರ ರಾತ್ರಿಯೊಳಗೆ ಹೇಳಿ, ಕಲಬುರಗಿ, ಬೀದರ್ ಕಡೆಯವರು ಮುಖ್ಯವಾಗಿ.